ಎದುರು ಸುತ್ತು

ಅವನು ಕಾಣುವ ಮೊದಲೇ ಅವನ ಸೀಟಿ ಕೇಳಿಸುತ್ತಿತ್ತು.

ಯಾವ ಹಾಡಿನದೂ ಅಲ್ಲ. ಎರಡು ಸ್ವರ ಏರಿ, ಮೂರನೆಯದಕ್ಕೆ ಉಸಿರು ಸಾಲದೆ ಜಾರಿಬೀಳುವ ಸೀಟಿ. ಕಚೇರಿಯಲ್ಲಿ ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಹಾಜರಾತಿಗೆ ಮಾತ್ರ ಬೇಕಾಗುತ್ತಿತ್ತು.

ಜೊಂಡಿನ ಆಚೆಯಿಂದ ಆ ಸ್ವರ ತೇಲಿ ಬಂದ ಕೂಡಲೇ ಅವಳ ಕೈ ತಾನಾಗಿ ಹಣೆಯ ಕೂದಲಿಗೆ ಹೋಗುತ್ತಿತ್ತು. ಹೋದದ್ದು ಅರಿವಾಗಿ ಕೈ ಕೆಳಗಿಳಿಸುತ್ತಿದ್ದಳು. ಮೂವತ್ತು ದಾಟಿದ ಮೇಲೆ ಇದೆಲ್ಲ ಏನು ಎಂದು ತನ್ನನ್ನೇ ಗದರಿಕೊಳ್ಳುವಷ್ಟರಲ್ಲಿ ಅವನು ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದ. ಬೆವರಿದ ಕುತ್ತಿಗೆ, ಮಡಚಿದ ತೋಳು, ಏದುಸಿರು. ಓಡಿ ಬಂದವನ ಹಾಗೆ.

ತನಗಾಗಿ ಎಂಬ ಮಾತನ್ನು ಅದಕ್ಕೆ ಅವಳು ಸೇರಿಸಿಕೊಂಡಿದ್ದಳು. ಅವನು ಹೇಳಿರಲಿಲ್ಲ.

ಕಡಲಂಚಿನ ಆ ರಕ್ಷಿತ ಪ್ರದೇಶಕ್ಕೆ ಬರುವವರು ನಡೆಯಲು ಇದ್ದದ್ದು ಒಂದೇ ದಾರಿ. ಗೇಟಿನಿಂದ ಹೊರಟು ಜೌಗಿನ ಮೇಲಿನ ಮರದ ಹಲಗೆಗಳನ್ನು ಹಿಡಿದು ಜೊಂಡಿನ ನಡುವೆ ಸಾಗಿ, ಹಕ್ಕಿ ನೋಡಲು ಕಟ್ಟಿದ ಮರದ ಗೂಡಿನ ಹತ್ತಿರ ತಿರುಗಿ, ಮರಳ ದಿಬ್ಬಗಳ ಮೇಲೆ ಸಮುದ್ರದ ಪಕ್ಕದಲ್ಲೇ ನಡೆದರೆ ಮತ್ತೆ ಅದೇ ಗೇಟು. ದಣಿಸುವ ಏರಿಲ್ಲ, ಕಡಿದಾದ ಇಳಿತವಿಲ್ಲ. ಬೋರ್ಡಿನಲ್ಲಿ ದಾರಿಯ ಚಿತ್ರದ ಕೆಳಗೆ ‘ಸುಲಭ’ ಎಂದು ಬರೆದಿತ್ತು. ಮೊಣಕಾಲು ನೋವಿನವರೂ ಗಾಲಿಗಾಡಿಯ ಕೂಸುಗಳೂ ಅದನ್ನು ನಂಬಿ ಒಳಗೆ ಬರುತ್ತಿದ್ದರು.

ಸಂಜೆ ಗೇಟು ಮುಚ್ಚುವ ಹೊತ್ತಿಗೆ ಒಳಗೆ ಯಾರೂ ಉಳಿಯಬಾರದು. ಅದಕ್ಕೆ ಇಬ್ಬರು ಕಾವಲಿನವರು ಗೇಟಿನಿಂದ ಏಕಕಾಲಕ್ಕೆ ಹೊರಡಬೇಕು, ಅವಳು ಜೌಗಿನ ಕಡೆಗೆ, ಅವನು ಸಮುದ್ರದ ಕಡೆಗೆ. ಒಬ್ಬರೇ ನಡೆದರೆ ಮುಂದೆ ಹೋಗುವ ಜನ ಸದಾ ಒಂದು ತಿರುವು ಮುಂದೆಯೇ ಇರುತ್ತಾರೆ, ಸುತ್ತುದಾರಿಯಲ್ಲಿ ಯಾರನ್ನೂ ಬೆನ್ನಟ್ಟಿ ಹಿಡಿಯಲಾಗುವುದಿಲ್ಲ ಎಂದು ಮೊದಲ ದಿನ ಮೇಲಧಿಕಾರಿ ಹೇಳಿದ್ದರು. ಎದುರುಬದುರು ನಡೆದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಎಲ್ಲೋ ಮಧ್ಯದಲ್ಲಿ ಇಬ್ಬರೂ ಸಿಗುತ್ತಾರೆ. ಸಿಕ್ಕವರು ನಿಲ್ಲುವಂತಿಲ್ಲ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು, ಅವಳು ಅವನು ಬಂದ ದಾರಿಯಲ್ಲೂ ಅವನು ಅವಳು ಬಂದ ದಾರಿಯಲ್ಲೂ ಮುಂದುವರಿಯಬೇಕು. ಇಬ್ಬರೂ ಗೇಟಿಗೆ ಮರಳಿದ ಮೇಲೆಯೇ ಬೀಗ. ಒಬ್ಬರು ಬಾರದೆ ಇನ್ನೊಬ್ಬರು ಮನೆಗೆ ಹೋಗುವಂತಿಲ್ಲ.

ಹೀಗಾಗಿ ಅವರಿಬ್ಬರ ಪಾಲಿಗೆ ದಿನಕ್ಕೆ ಒಂದು ಗಳಿಗೆ ಮಾತ್ರ ಇತ್ತು. ಹಗಲಿಡೀ ಅವನಿಗೆ ಟಿಕೆಟ್ ಕಿಟಕಿ, ಅವಳಿಗೆ ಶಾಲೆಯ ಮಕ್ಕಳ ಗುಂಪುಗಳು. ಸಂಜೆ, ಹಲಗೆಯ ಮೇಲೆ, ದಾಟಿಹೋಗುವಾಗಿನ ಆ ಗಳಿಗೆ.

ಹಲಗೆ ದಾರಿ ಇಬ್ಬರಿಗೆ ಸಾಲದಷ್ಟು ಕಿರಿದು. ಅವನು ಪಕ್ಕಕ್ಕೆ ತಿರುಗಿ ಬೆನ್ನನ್ನು ಕಂಬಿಗೆ ಒತ್ತಿ ನಿಲ್ಲುತ್ತಿದ್ದ. ಅವಳು ಅವನೆದುರು ಅಡ್ಡಡ್ಡ ಹೆಜ್ಜೆ ಇಟ್ಟು ದಾಟಬೇಕಿತ್ತು. ಮುಖ ಅವನ ಕಡೆಗೋ ನೀರಿನ ಕಡೆಗೋ ಎಂಬುದು ಅವಳಿಗೆ ಬಿಟ್ಟದ್ದು. ಮೊದಮೊದಲು ನೀರಿನ ಕಡೆಗೆ ತಿರುಗುತ್ತಿದ್ದಳು. ಒಂದು ದಿನ ಅವನು, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ, ಆ ಕೆಸರಿಗಿಂತ ವಾಸಿ ಇರಬಹುದು ಎಂದ. ಮರುದಿನದಿಂದ ಅವನ ಕಡೆಗೆ ತಿರುಗಿದಳು.

ಅಷ್ಟು ಹತ್ತಿರದಲ್ಲಿ ಅವನ ಕಣ್ಣು ಕಪ್ಪಲ್ಲ, ಒದ್ದೆ ಮರಳಿನ ಬಣ್ಣ. ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಸ್ವಲ್ಪ ತಡವಾಗಿ ಮುಚ್ಚುತ್ತಿತ್ತು. ಅದು ಕಣ್ಣು ಹೊಡೆದಂತೆ ಕಾಣುತ್ತಿತ್ತು. ಹುಟ್ಟಿನಿಂದ ಬಂದದ್ದೋ ಬೇಕೆಂದೇ ಮಾಡಿದ್ದೋ ಅವಳಿಗೆ ತಿಳಿಯಲಿಲ್ಲ. ತಿಳಿಯದಿರುವುದೇ ಚೆಂದವಾಗಿತ್ತು.

ಇವತ್ತು ಯಾರನ್ನು ಹಿಡಿದಿರಿ ಎಂದು ಅವನು ಕೇಳುತ್ತಿದ್ದ. ದಿನವೂ ಕೇಳುವುದು ಅದನ್ನೇ. ಕ್ಯಾಮೆರಾದ ಮುದುಕನನ್ನೋ ಜಗಳವಾಡುತ್ತಿದ್ದ ಅಪ್ಪ ಮಗಳನ್ನೋ ಅವಳು ವರದಿ ಮಾಡುತ್ತಿದ್ದಳು. ಒಂದು ಸಂಜೆ, ಜೊಂಡಿನ ಮರೆಯಲ್ಲಿ ಕುಳಿತಿದ್ದ ಜೋಡಿಯೊಂದನ್ನು ಎಬ್ಬಿಸಿ ಕಳಿಸಿದೆ ಎಂದಳು.

“ಪಾಪ, ಬಿಟ್ಟುಬಿಡಬೇಕಿತ್ತು,” ಎಂದ ಅವನು. “ಎಲ್ಲರಿಗೂ ನಮ್ಮ ಹಾಗೆ ಜಾಗ ಸಿಗುತ್ತಾ?”

ಹೇಳಿ, ಅವಳ ತೋಳಿಗೆ ಅಂಟಿದ್ದ ಹುಲ್ಲಿನ ಮುಳ್ಳೊಂದನ್ನು ಎರಡು ಬೆರಳಲ್ಲಿ ಬಿಡಿಸಿ, ಅದನ್ನು ಬಿಸಾಡದೆ ತನ್ನ ಜೇಬಿಗೆ ಹಾಕಿಕೊಂಡು, ಸೀಟಿ ಹಾಕುತ್ತ ಹೋಗಿಬಿಟ್ಟ.

ನಮ್ಮ ಹಾಗೆ. ಅವಳು ಆ ಎರಡು ಪದಗಳನ್ನು ಮನೆಗೆ ಹೊತ್ತು ತಂದಳು. ದೀಪ ಆರಿಸಿದ ಮೇಲೂ ಅವು ಕೋಣೆಯಲ್ಲಿದ್ದವು.

ಇನ್ನೂ ಒಂದು ಸಾಕ್ಷಿ ಅವಳ ಬಳಿ ಇತ್ತು. ಅವನು ಕಸ ಗುಡಿಸುವವಳನ್ನು ಅಕ್ಕ ಎನ್ನುತ್ತಿದ್ದ, ಕ್ಯಾಂಟೀನಿನ ಹೆಂಗಸನ್ನು ಅಕ್ಕ ಎನ್ನುತ್ತಿದ್ದ, ತನಗಿಂತ ಕಿರಿಯಳಾದ ಲೆಕ್ಕದವಳನ್ನೂ ಅಕ್ಕ ಎನ್ನುತ್ತಿದ್ದ. ಇವಳು ಅವನಿಗಿಂತ ಹಿರಿಯಳು. ಇವಳನ್ನು ಮಾತ್ರ ಏನೂ ಅನ್ನುತ್ತಿರಲಿಲ್ಲ. ‘ಇಲ್ನೋಡಿ’ ಎನ್ನುತ್ತಿದ್ದ. ಕರೆಯದೆ ಬಿಟ್ಟ ಆ ಖಾಲಿ ಜಾಗದಲ್ಲಿ ಅವಳು ಆರಾಮವಾಗಿ ಕೂತಿದ್ದಳು.

ಆದರೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದಾರಿಯೇ ನುಡಿಯುತ್ತಿತ್ತು.

ಮೊದಲು ಅವರು ಸಿಗುತ್ತಿದ್ದದ್ದು ಹಕ್ಕಿಗೂಡಿನ ಬಳಿ, ಸರಿಯಾಗಿ ನಡುವೆ. ಬೇಸಿಗೆ ಕಳೆಯುವ ಹೊತ್ತಿಗೆ ಆ ಜಾಗ ಜರುಗತೊಡಗಿತು. ಒಂದು ವಾರ ಗೂಡಿನಿಂದ ಈಚೆ, ಜೊಂಡಿನ ಕೊನೆಯ ತಿರುವಿನಲ್ಲಿ. ಆಮೇಲೆ ಬಾಗಿದ ಮರದ ಹತ್ತಿರ. ಆಮೇಲೆ ಮರದಿಂದಲೂ ಈಚೆ, ಹಲಗೆ ದಾರಿ ಇನ್ನಷ್ಟು ಕಿರಿದಾಗುವ ಜಾಗದಲ್ಲಿ. ಪ್ರತಿ ಸಲವೂ ಅವಳ ಕಡೆಗೆ. ಅಂದರೆ ಅವನು ತನ್ನ ಅರ್ಧವನ್ನು ಮುಗಿಸಿ ಅವಳ ಅರ್ಧದಲ್ಲೂ ಅಷ್ಟು ದೂರ ನಡೆದು ಬಂದಿರುತ್ತಿದ್ದ.

ಅವಳು ತನ್ನ ನಡಿಗೆಯನ್ನು ಬದಲಿಸಲಿಲ್ಲ. ಬದಲಿಸಿದರೆ ಅಳತೆ ಕೆಡುತ್ತದೆ. ತಾನು ನಡೆದಂತೆಯೇ ನಡೆದು, ಅವನು ಎಷ್ಟು ಬೇಗ ಬಂದ ಎಂಬುದನ್ನು ಹಲಗೆಗಳಿಂದ ಓದುತ್ತಿದ್ದಳು. ಬಾಯಲ್ಲಿ ಹೇಳದ್ದನ್ನು ಕಾಲಲ್ಲಿ ಹೇಳುವ ಗಂಡಸು ಎಂದುಕೊಂಡಳು. ಮಾತಿಗಿಂತ ಮೌನವನ್ನು ನಂಬಿದವಳಿಗೆ ಇದಕ್ಕಿಂತ ಒಳ್ಳೆಯ ಪ್ರೇಮಪತ್ರ ಇರಲಾರದು.

ದಾಟಿದ ಮೇಲಿನ ಅರ್ಧವನ್ನು ಮಾತ್ರ ಅವಳು ನಿಧಾನವಾಗಿ ನಡೆಯುತ್ತಿದ್ದಳು. ಅದು ಅವನು ಆಗಷ್ಟೇ ನಡೆದು ಬಂದ ಮರಳು. ದಿಬ್ಬಗಳ ಮೇಲೆ ಅವನ ಹೆಜ್ಜೆಗಳು ಇನ್ನೂ ಅಂಚು ಮುರಿಯದೆ ಇರುತ್ತಿದ್ದವು. ಹಿಮ್ಮಡಿ ಆಳ, ಬೆರಳ ಕಡೆ ಹಗುರ. ಅವಳು ಅವುಗಳ ಪಕ್ಕದಲ್ಲೇ ತನ್ನ ಹೆಜ್ಜೆ ಇಡುತ್ತ, ಅಲೆಗಳ ಸದ್ದಿನಲ್ಲಿ, ಆ ದಿನದ ಆ ಗಳಿಗೆಯನ್ನು ಮತ್ತೆ ಮತ್ತೆ ತಿರುವಿ ನೋಡುತ್ತ ಬರುತ್ತಿದ್ದಳು. ಗೇಟು ತಲುಪುವಾಗ ಅವನು ಬೀಗ ಹಿಡಿದು ನಿಂತಿರುತ್ತಿದ್ದ. ಸುಮ್ಮನೆ ತಲೆಯಾಡಿಸುತ್ತಿದ್ದ. ಅದೂ ಅವಳಿಗೆ ಕಾಯುವುದಾಗಿ ಕಾಣುತ್ತಿತ್ತು.

ಅವಳು ಅಕ್ಕನ ಮನೆಯ ಮಹಡಿಯಲ್ಲಿದ್ದಳು. ಕೆಳಗೆ ಮುಂದಿನ ಕೋಣೆಯಲ್ಲಿ ಅಕ್ಕ ಜನರ ಮನೆಯ ಪರದೆಗಳನ್ನು ಹೊಲಿಯುತ್ತಿದ್ದಳು. ಕುರ್ಚಿಯ ಮೇಲೆ, ಟಿವಿಯ ಮೇಲೆ, ಭಾವ ಮಲಗುವ ಸೋಫಾದ ಮೇಲೆ ಪರದೆಗಳ ರಾಶಿ. ಊರಿನವರ ಕಿಟಕಿಗೆಲ್ಲ ಮರೆ ಕಟ್ಟುವ ಇವಳು ತನ್ನ ತಂಗಿಗೆ ಮರೆ ಎಂಬುದೇ ಬಿಡಲಿಲ್ಲ ಎಂದು ಭಾವ ತಮಾಷೆ ಮಾಡುತ್ತಿದ್ದ.

ಅಕ್ಕ ಒಬ್ಬನನ್ನು ನೋಡಿಟ್ಟಿದ್ದಳು. ಪೇಟೆಯ ಕನ್ನಡಕದ ಅಂಗಡಿಯವನು. ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಕಷ್ಟವಾಗತೊಡಗಿದಾಗ ಕನ್ನಡಕ ಮಾಡಿಕೊಟ್ಟವನು, ಮೂಗು ನೋಯುತ್ತದೆ ಎಂದು ಅವಳು ಹೋದಾಗಲೆಲ್ಲ ಬೇಸರವಿಲ್ಲದೆ ಬಾಗಿಸಿಕೊಟ್ಟವನು. ಅಂಗಡಿಗೆ ಒಮ್ಮೆ ಅಕ್ಕನ ಜೊತೆ ಬಂದಿದ್ದ ತಂಗಿಯನ್ನು ಅವನು ಮರೆತಿರಲಿಲ್ಲ. ಭಾನುವಾರ ಬಂದು ಮಾತಾಡಬಹುದೇ ಎಂದು ಕೇಳಿದ್ದ. ಹೂಂ ಎಂದರೆ ಹೂಂ, ಇಲ್ಲ ಎಂದರೆ ಇಲ್ಲ, ಶುಕ್ರವಾರದೊಳಗೆ ಹೇಳಿಬಿಡು, ಒಳ್ಳೆಯವನನ್ನು ಬಾಗಿಲಲ್ಲಿ ನಿಲ್ಲಿಸಬಾರದು ಎಂದಳು ಅಕ್ಕ.

ಇವಳು ಆಗ ಸೀಟಿಯ ವಿಷಯ ಹೇಳಿದಳು. ಕಿರಿದಾದ ಹಲಗೆ, ಜರುಗುವ ಜಾಗ, ಜೇಬಿಗೆ ಹೋದ ಮುಳ್ಳು. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಎಳೆಯದಾಗಿ ಕೇಳಿಸಿತು.

ಅಕ್ಕ ಹೊಲಿಗೆ ನಿಲ್ಲಿಸದೆ ಕೇಳಿದಳು. “ಅವನು ಬಾಯಿಬಿಟ್ಟು ಏನಾದ್ರೂ ಹೇಳಿದ್ದಾನಾ?”

“ಹೇಳೋದೇನಕ್ಕಾ. ಗೊತ್ತಾಗುತ್ತೆ.”

“ಹೇಳದೆ ಗೊತ್ತಾಗೋದು ಹೊಟ್ಟೆನೋವು ಕಣೇ. ಅಡ್ಡಗೋಡೆ ಮೇಲೆ ದೀಪ ಇಟ್ಟು ಮಾತಾಡೋ ಗಂಡಸು ಆ ಕಡೆಗೂ ಬೆಳಕು ಕೊಡ್ತಿರ್ತಾನೆ, ಈ ಕಡೆಗೂ.” ದಾರವನ್ನು ಹಲ್ಲಿನಿಂದ ಕಡಿದಳು. “ಶುಕ್ರವಾರದೊಳಗೆ ಕೇಳಿಬಿಡು. ಇಲ್ಲ ಅವನ ಕೈಲಿ ಹೇಳಿಸು.”

ಶುಕ್ರವಾರದವರೆಗೆ ಅವಳು ಕೇಳಲಿಲ್ಲ. ಕೇಳಿದರೆ ಒಡೆಯುವಂಥದ್ದು ಏನೋ ಇದೆ ಎಂದು ಅವಳ ಒಳಗಿನ ಯಾರಿಗೋ ಗೊತ್ತಿತ್ತು. ಆದರೆ ಆ ಒಳಗಿನವರ ಮಾತನ್ನು ಅವಳು ಆ ದಿನಗಳಲ್ಲಿ ಕೇಳುತ್ತಿರಲಿಲ್ಲ. ಶುಕ್ರವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತು, ಇವತ್ತು ಅವನು ತಾನಾಗಿ ಹೇಳದಿದ್ದರೂ ಸರಿ, ಕನ್ನಡಕದವನಿಗೆ ಇಲ್ಲ ಎಂದೇ ಹೇಳುವುದು ಎಂದು ತೀರ್ಮಾನಿಸಿಕೊಂಡಳು. ಅಕ್ಕನಿಗೆ ಸಂಜೆ ಬಂದು ಹೇಳುತ್ತೇನೆ ಎಂದಳು.

ಆ ಸಂಜೆ ಸೀಟಿ ಕೇಳಿಸಲಿಲ್ಲ.

ಅವನು ಸದ್ದಿಲ್ಲದೆ ತಿರುವಿನಿಂದ ಬಂದ. ಹಿಂದೆಂದಿಗಿಂತ ಈಚೆಗೆ ಬಂದಿದ್ದ. ಗೇಟಿನ ಚಾವಣಿ ಅಲ್ಲಿಗೆ ಕಾಣುತ್ತಿತ್ತು. ಅಂಗಿ ಮೈಗೆ ಅಂಟಿತ್ತು. ಎಂದಿನಂತೆ ಕಂಬಿಗೆ ಒತ್ತಿ ನಿಲ್ಲುವ ಬದಲು ಹಲಗೆಯ ನಡುವೆಯೇ ನಿಂತ. ಅವಳು ದಾಟುವಂತಿರಲಿಲ್ಲ.

“ಇಲ್ನೋಡಿ. ನಿಮಗೊಂದು ಮಾತು ಹೇಳ್ಬೇಕಿತ್ತು.”

ಅವಳು ಕಾದಳು.

“ಬಹಳ ದಿನದಿಂದ ಹೇಳೋಣ ಅಂತ. ಹೇಗೆ ಹೇಳೋದು ಅಂತಲೇ ಗೊತ್ತಾಗ್ತಿರಲಿಲ್ಲ. ನೀವೇನು ಅಂದ್ಕೋತೀರೋ.”

ಬೂಟಿನ ತುದಿಯಿಂದ ಹಲಗೆಯ ಮೇಲಿನ ಪಾಚಿಯನ್ನು ಕೆರೆಯುತ್ತಿದ್ದ. ಕಿವಿ ಕೆಂಪಾಗಿತ್ತು. ಕೆಳಗೆ ನೀರು ಕಂಬಗಳನ್ನು ತಟ್ಟುವ ಸಣ್ಣ ಸದ್ದು. ಅವಳಿಗೆ ಆ ಸದ್ದನ್ನು ಜೀವಮಾನವಿಡೀ ನೆನಪಿಟ್ಟುಕೊಳ್ಳಬೇಕು ಎನಿಸಿತು. ಅದು ಮಾತ್ರ ಹಾಗೆಯೇ ಆಯಿತು.

“ಹೇಳಿ,” ಎಂದಳು. “ಏನೂ ಅಂದ್ಕೊಳ್ಳಲ್ಲ.”

“ನಾವು ದಾಟಿದ ಮೇಲೆ... ಆ ಸಮುದ್ರದ ಕಡೆ... ಸ್ವಲ್ಪ ಬೇಗ ನಡೀತೀರಾ?”

ಅವಳಿಗೆ ಅರ್ಥವಾಗಲಿಲ್ಲ. ಅವಳ ಮುಖ ಇನ್ನೂ ಮೊದಲಿನ ಮಾತಿಗೆ ತಯಾರಾಗಿ ನಿಂತಿತ್ತು.

ಅವನು ಬಿಡಿಸಿ ಹೇಳಿದ. ಒಮ್ಮೆ ಶುರುವಾದ ಮೇಲೆ ಅವನಿಗೆ ಕಷ್ಟವಾಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಂಗಡಿ ಮುಚ್ಚಿ ನೇರ ಇಲ್ಲಿಗೆ ಬರುತ್ತಾಳೆ. ಗೇಟಿನ ಹೊರಗೆ, ಬಸ್ಸಿನ ತಂಗುದಾಣದ ಹಿಂದೆ, ಆ ಗಾಳಿಯಲ್ಲಿ ನಿಂತಿರುತ್ತಾಳೆ. ಅವಳ ಹಾಸ್ಟೆಲಿನ ಬಾಗಿಲು ಬೇಗ ಹಾಕುತ್ತಾರೆ. ಇವನು ಬೇಸಿಗೆಯಿಂದ ಓಡುನಡಿಗೆಯಲ್ಲಿ ಸುತ್ತು ಮುಗಿಸುತ್ತಿದ್ದಾನೆ. ಆದರೆ ಎಷ್ಟು ಬೇಗ ಮುಗಿಸಿದರೂ ಏನು ಬಂತು, ಬೀಗ ಹಾಕಲು ಇಬ್ಬರೂ ಬರಬೇಕಲ್ಲ. ಇವಳು ಬರುವ ಹೊತ್ತಿಗೆ ಅವರಿಗೆ ಉಳಿಯುವುದು ಬಸ್ಸು ಹತ್ತಿಸುವಷ್ಟು ಸಮಯ. ಮುಂದಿನ ತಿಂಗಳು ಮದುವೆ. ಅಲ್ಲಿಯವರೆಗೆ ಮಾತ್ರ.

ಹೇಳಿ ಮುಗಿಸಿ, ಭಾರ ಇಳಿದವನಂತೆ ನಕ್ಕ. ಎಡಗಣ್ಣು ಸ್ವಲ್ಪ ತಡವಾಗಿ ಮುಚ್ಚಿತು.

ಬೇಸಿಗೆಯಿಂದ. ಗೂಡಿನಿಂದ ತಿರುವಿಗೆ, ತಿರುವಿನಿಂದ ಮರಕ್ಕೆ, ಮರದಿಂದ ಇಲ್ಲಿಗೆ. ಅವಳು ಓದಿದ್ದ ಒಂದೊಂದು ಹಲಗೆಯೂ ಇನ್ನೊಬ್ಬಳಿಗೆ ಬರೆದದ್ದಾಗಿತ್ತು. ಅವನು ಓಡುತ್ತಿದ್ದದ್ದು ನಿಜ. ಇವಳು ನಡುವೆ ಸಿಕ್ಕಿದ್ದಳು, ಅಷ್ಟೇ.

ಅಲ್ಲಿಗೆ ಬಿಟ್ಟಿದ್ದರೆ ಅದು ತನ್ನದೊಬ್ಬಳದೇ ಹುಚ್ಚಾಗಿ ಉಳಿಯುತ್ತಿತ್ತು, ನಾಲ್ಕು ದಿನ ನಾಚಿಕೆಪಟ್ಟು ಮುಗಿಸಬಹುದಿತ್ತು. ಆದರೆ ಅವಳು ಕೇಳಿದಳು.

“ನಾನು ಯಾಕೆ ನಿಧಾನ ಬರ್ತೀನಿ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?”

ಅವನು ನೀರಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಸುಳ್ಳು ಹೇಳಲು ಬೇಕಾದಷ್ಟು ಸಮಯವಿತ್ತು. ಹೇಳಬಹುದಿತ್ತು. ಹೇಳಲಿಲ್ಲ.

“ಗೊತ್ತು.”

“ಯಾವಾಗಿನಿಂದ?”

“ಮೊದಲಿನಿಂದಲೂ.”

“ಮತ್ತೆ, ನಮ್ಮ ಹಾಗೆ ಅಂದದ್ದು? ಆ ಮುಳ್ಳು?”

ಅವನು ಭುಜ ಕುಣಿಸಿದ. ಕೆಟ್ಟವನಂತೆ ಅಲ್ಲ. ತನಗೂ ಅಷ್ಟಾಗಿ ತಿಳಿಯದ ಒಂದನ್ನು ಪ್ರಾಮಾಣಿಕವಾಗಿ ಹುಡುಕುವವನಂತೆ.

“ಹಿತವಾಗಿತ್ತು ಕಣ್ರೀ. ದಿನಾ ಒಬ್ಬರು ನನ್ನ ದಾರಿ ನೋಡ್ತಾ ಇರ್ತಾರೆ, ನಾನು ಬಂದ ಕೂಡಲೇ ಅವರ ಮುಖ ಬದಲಾಗುತ್ತೆ ಅಂದ್ರೆ... ಯಾರಿಗೆ ಬೇಡ ಹೇಳಿ. ನಿಮ್ಮಿಂದ ನಾನೇನೂ ತಗೊಂಡಿಲ್ಲವಲ್ಲ.”

ಲೆಕ್ಕ ಹಾಕಿದರೆ ಅವನು ಹೇಳಿದ್ದು ಸರಿಯೇ ಇತ್ತು.

ಅವನು ಗಡಿಯಾರ ನೋಡಿಕೊಂಡ. ಹೊರಡೋಣ್ವಾ ಎಂದ. ಪಕ್ಕಕ್ಕೆ ತಿರುಗಿ, ಬೆನ್ನನ್ನು ಕಂಬಿಗೆ ಒತ್ತಿ, ಅಭ್ಯಾಸದಂತೆ ಜಾಗ ಬಿಟ್ಟ. ಅವಳು ಕೆಸರಿನ ಕಡೆ ಮುಖ ಮಾಡಿ ದಾಟಿದಳು.

ಮರಳ ದಿಬ್ಬಗಳಲ್ಲಿ ಅವನ ಹೆಜ್ಜೆಗಳು ಇದ್ದವು. ದೂರ ದೂರ ಬಿದ್ದ ಹೆಜ್ಜೆಗಳು. ಅವಸರದಲ್ಲಿರುವವನ ಹೆಜ್ಜೆ ಹೀಗಿರುತ್ತದೆ ಎಂಬುದು ಇಷ್ಟು ದಿನ ಕಣ್ಣೆದುರಿಗಿದ್ದೂ ಕಂಡಿರಲಿಲ್ಲ. ಅವಳು ಎತ್ತರದ ದಿಬ್ಬ ಹತ್ತಿ ಕುಳಿತಳು.

ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಅಲ್ಲಿಂದ ಗೇಟು ಬೆರಳುದ್ದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಆಕೃತಿ ಬಂದು ಗೇಟಿನ ಒಳಗೆ ನಿಂತಿತು. ಹೊರಗೆ ಇನ್ನೊಂದು. ನಡುವೆ ಕಂಬಿಗಳು. ಇಬ್ಬರೂ ಸಮುದ್ರದ ಕಡೆಗೆ, ಅಂದರೆ ಇವಳ ಕಡೆಗೆ ನೋಡುತ್ತಿದ್ದರು. ಗಾಳಿ ಜೋರಾಗಿತ್ತು. ಹೊರಗಿನ ಆಕೃತಿ ಕೈಗಳನ್ನು ಕಂಕುಳಲ್ಲಿ ಇರಿಸಿಕೊಂಡಿತು.

ಸೊಂಟದ ವಾಕಿಟಾಕಿ ಗೊರಗೊರ ಎಂದಿತು. ಎಲ್ಲಿದ್ದೀರಿ ಎಂದು ಅವನ ದನಿ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಮತ್ತೆ ಕೇಳಿತು. ಮೂರನೆಯ ಸಲಕ್ಕೆ ದನಿಯಲ್ಲಿ ಸಿಟ್ಟಿತ್ತು, ಆಮೇಲೆ ಸಿಟ್ಟಿನ ಅಡಿಯಲ್ಲಿ ಬೇಡಿಕೆ. ಅವನು ತನ್ನನ್ನು ಹೀಗೆ ಕರೆಯುವುದನ್ನು ಎಷ್ಟು ದಿನದಿಂದ ಬಯಸಿದ್ದಳು. ಬೆಳಕು ಕರಗುವವರೆಗೂ ಅವಳು ಏಳಲಿಲ್ಲ.

ಗೇಟಿಗೆ ಬಂದಾಗ ಅವನು ತುಟಿ ಬಿಗಿಹಿಡಿದು ನಿಂತಿದ್ದ. ಹೊರಗಿದ್ದ ಹುಡುಗಿಯೇ ಒಳಗೆ ಓಡಿ ಬಂದಳು. ಸಣ್ಣ ಮುಖ, ಕೆಂಪಾದ ಮೂಗು, ಅಂಗಡಿಯ ಬಿಳಿ ಕೋಟಿನ ಮೇಲೆ ಅವನ ಜಾಕೆಟು. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

“ಏನಾಯ್ತಕ್ಕಾ? ಕಾಲು ಉಳುಕಿತಾ? ರೇಡಿಯೋ ಎತ್ತಲಿಲ್ಲ ಅಂತ ನನಗೆ ಜೀವವೇ ಹೋಯ್ತು.”

“ಹೌದು,” ಎಂದಳು ಅವಳು. “ಉಳುಕಿತು.”

ಹುಡುಗಿ ಅವಳನ್ನು ಟಿಕೆಟ್ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂರಿಸಿದಳು. ಮಂಡಿಯೂರಿ, ಬೂಟಿನ ದಾರ ಬಿಚ್ಚಿ, ತಣ್ಣಗಿನ ಬೆರಳುಗಳಿಂದ ಪಾದವನ್ನು ಹಿಡಿದು ಅತ್ತಿತ್ತ ತಿರುಗಿಸಿದಳು. ಇಲ್ಲಿ ನೋವಾ, ಇಲ್ಲಿಯಾ ಎಂದು ಕೇಳಿದಳು. ಇವಳು ಒಂದು ಜಾಗಕ್ಕೆ ಹೌದು ಎಂದಳು. ಹುಡುಗಿ ಚೀಲದಿಂದ ಪಟ್ಟಿ ತೆಗೆದು ಸುತ್ತತೊಡಗಿದಳು. ಇವರು ಯಾವಾಗಲೂ ನಿಮ್ಮ ವಿಷಯ ಹೇಳುತ್ತಿರುತ್ತಾರೆ, ಒಂದೊಂದು ಪೊದೆಯನ್ನೂ ಬಿಡದೆ ನೋಡಿ ಬರುವವರು ನೀವೊಬ್ಬರೇ ಅಂತೆ, ಅದಕ್ಕೇ ತಡವಂತೆ ಎಂದು ಸುತ್ತುತ್ತಲೇ ಹೇಳಿದಳು.

ಆ ಬಗ್ಗಿದ ತಲೆಯ ಮೇಲಿಂದ ಅವಳು ಅವನನ್ನು ನೋಡಿದಳು.

ಅವನಿಗೆ ಕಾಲು ಉಳುಕಿಲ್ಲವೆಂದು ಗೊತ್ತಿತ್ತು. ಯಾಕೆ ತಡವಾಯಿತೆಂದೂ ಗೊತ್ತಿತ್ತು. ಬಾಯಿ ತೆರೆದರೆ ತಾನೇ ಸಿಕ್ಕಿಬೀಳುತ್ತೇನೆಂದೂ ಗೊತ್ತಿತ್ತು. ಇಷ್ಟು ದಿನದ ನೋಟಗಳಲ್ಲಿ ಯಾವಾಗಲೂ ಮೊದಲು ಕಣ್ಣು ತೆಗೆಯುತ್ತಿದ್ದವಳು ಅವಳು. ಈ ಸಲ ಅವನು ತೆಗೆದ.

“ನಾಳೆಯಿಂದ ಅಕ್ಕ ನಡೀಬಾರದು,” ಎಂದು ಹುಡುಗಿ ಎದ್ದು ಅವನ ಎದೆಗೆ ಬೆರಳಿನಿಂದ ಚುಚ್ಚಿದಳು. “ಅಕ್ಕನ ಪಾಲೂ ನೀನೇ ನಡಿ. ಒಂದು ಸುತ್ತು ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ. ನಾನು ಕಾಯ್ತೀನಿ, ನನಗೇನು.”

ಅವನು ಹೂಂ ಎಂದ.

ಮನೆಯಲ್ಲಿ ಅಕ್ಕ ಪಟ್ಟಿ ಕಟ್ಟಿದ ಕಾಲನ್ನು ನೋಡಿದಳು, ಆಮೇಲೆ ಮುಖವನ್ನು. ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಹೇಳಿದನಾ?”

“ಹೇಳಿದ. ಬಾಯಿಬಿಟ್ಟೇ ಹೇಳಿದ.”

ಅಕ್ಕ ಮುಂದೆ ಕೇಳಲಿಲ್ಲ. ಪರದೆಗಳ ರಾಶಿಯನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಅವಳು ಕೂರಲಿಲ್ಲ. ಕನ್ನಡಕದವನು ಭಾನುವಾರ ಬರಲಿ, ಆದರೆ ಮನೆಗೆ ಬೇಡ, ನಡೆಯುವ ದಾರಿಗೆ ಬರಲಿ ಎಂದಳು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಅಕ್ಕ ಕೇಳಿದ್ದಕ್ಕೆ, ಏನೂ ಇಲ್ಲ ಎಂದಳು. ಅದು ಸತ್ಯವಾಗಿತ್ತು. ಗುಡಿಸಿದ ಕೋಣೆಯಂತೆ ಇತ್ತು ಅದು.

ಭಾನುವಾರ ಬೆಳಗ್ಗೆ ಅವಳು ಪಟ್ಟಿ ಬಿಚ್ಚಿ ಹೊರಟಳು. ಟಿಕೆಟ್ ಕಿಟಕಿಯಲ್ಲಿ ಅವನಿದ್ದ. ಹಿಂದಿನ ಸಂಜೆ ಎರಡು ಸುತ್ತು ನಡೆದ ದಣಿವು ಮುಖದಲ್ಲಿತ್ತು. ಅವಳ ಜೊತೆ ಒಬ್ಬ ಗಂಡಸನ್ನು ಕಂಡು ಅವನ ಸೀಟಿ ನಿಂತಿತು. ಅವಳು ಅದಕ್ಕಾಗಿಯೇ ಇಲ್ಲಿಗೆ ಬಂದದ್ದು. ಆದರೆ ಅವರು ಹತ್ತು ಹೆಜ್ಜೆ ದಾಟುವುದರೊಳಗೆ ಸೀಟಿ ಮತ್ತೆ ಶುರುವಾಯಿತು, ಏನೂ ಆಗದವರ ಹಾಗೆ. ಎರಡು ಸ್ವರ ಏರಿ, ಜಾರಿತು.

ಕನ್ನಡಕದವನು ಹೊಸ ಬೂಟು ಹಾಕಿಕೊಂಡಿದ್ದ. ಆಗಲೇ ಅವುಗಳ ಮೇಲೆ ಮರಳಿತ್ತು. ಕೇಳಿದರೆ ಸಂಕೋಚದಿಂದ, ಬೇಗ ಬಂದುಬಿಟ್ಟೆ, ಒಂದು ಸುತ್ತು ನಡೆದು ನೋಡಿಕೊಂಡೆ, ನಿಮ್ಮ ಜೊತೆ ನಡೆಯುವಾಗ ಎಲ್ಲಾದರೂ ಎಡವಿಬಿಟ್ಟರೆ ಎಂದು ಹೆದರಿಕೆ ಎಂದ. ಹಿಮ್ಮಡಿ ತಾಗಿ ಸ್ವಲ್ಪ ಕುಂಟುತ್ತಿದ್ದ. ಅದನ್ನು ಮುಚ್ಚಿಡಲು ನೋಡುತ್ತಿದ್ದ.

ಒಳ್ಳೆಯ ಮನುಷ್ಯ. ಮಾತಾಡುವಾಗ ಜನರ ಕಿವಿಯನ್ನು ನೋಡುವ ಅಭ್ಯಾಸ. ಲೋಕದಲ್ಲಿ ಎರಡೂ ಕಿವಿ ಒಂದೇ ಎತ್ತರದಲ್ಲಿರುವ ಮನುಷ್ಯ ತನಗೆ ಇನ್ನೂ ಸಿಕ್ಕಿಲ್ಲ ಎಂದ. ನಿಮ್ಮದು ಎಡಗಿವಿ ಕೂದಲೆಳೆಯಷ್ಟು ಮೇಲಿದೆ ಎಂದು ಹೇಳಿ, ಹೇಳಬಾರದಿತ್ತೇನೋ ಎಂದು ತಾನೇ ಕಂಗಾಲಾದ. ಅವಳು ನಕ್ಕಳು. ಆ ನಗುವಿಗೆ ಅವನ ಮುಖ ಪೂರ್ತಿ ಬದಲಾಯಿತು.

ಅವಳು ಅದನ್ನು ನೋಡಿದಳು. ಆ ಮುಖವನ್ನು ಅವಳು ಒಳಗಿನಿಂದ ಬಲ್ಲಳು.

ಹಲಗೆ ದಾರಿಯಲ್ಲಿ ಅವಳು ನಡಿಗೆ ನಿಧಾನಿಸಿದಳು. ಅವನೂ ನಿಧಾನಿಸಿದ. ಜೋರು ಮಾಡಿದಳು. ಕುಂಟುತ್ತಲೇ ಅವನೂ ಜೋರು ಮಾಡಿದ. ಕಾರಣವಿಲ್ಲದೆ ನಿಂತಳು. ಅವನು ನಿಂತು, ನಿಂತದ್ದಕ್ಕೆ ಕಾರಣ ಹುಡುಕಿ, ಜೊಂಡಿನಲ್ಲಿ ಒಂದು ಹಕ್ಕಿಯನ್ನು ಕಂಡುಹಿಡಿದು, ಎಷ್ಟು ಚೆನ್ನಾಗಿ ಗಮನಿಸುತ್ತೀರಿ ನೀವು ಎಂದ. ಅವಳು ಹಕ್ಕಿಯನ್ನು ನೋಡಿಯೇ ಇರಲಿಲ್ಲ.

ಗೂಡಿನ ಬಳಿ ತಿರುಗುವ ಹೊತ್ತಿಗೆ ಅವಳಿಗೆ ಖಚಿತವಾಗಿತ್ತು, ಈ ಮನುಷ್ಯನನ್ನು ತಾನು ಮದುವೆಯಾಗುವುದಿಲ್ಲ. ಅವನಲ್ಲಿ ಕೊರತೆಯಿದೆ ಎಂದಲ್ಲ. ಅವನು ಬರುವ ಸದ್ದಿಗೆ ತನ್ನ ಕೈ ಕೂದಲಿಗೆ ಹೋಗುವುದಿಲ್ಲ ಎಂದು ತಿಳಿದುಬಿಟ್ಟಿತ್ತು. ಇಷ್ಟೇ ವಿಷಯ. ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಅಕ್ಕನಾಗಿದ್ದರೆ ಇಲ್ಲೇ, ಈಗಲೇ ಹೇಳುತ್ತಿದ್ದಳು.

ದಿಬ್ಬದ ನೆತ್ತಿಯಲ್ಲಿ ಅವನು ನಿಂತ. ಕಡಲ ಗಾಳಿಗೆ ಕನ್ನಡಕದ ಮೇಲೆ ಉಪ್ಪಿನ ಪೊರೆ ಕೂತಿತ್ತು. ತೆಗೆದು, ಅಂಗಿಯ ಅಂಚಿನಿಂದ ಒರೆಸಿದ. ಕನ್ನಡಕವಿಲ್ಲದ ಅವನ ಕಣ್ಣುಗಳು ಸಣ್ಣವಾಗಿ, ತೊಟ್ಟಿಲಿಂದ ಎದ್ದ ಕೂಸಿನವುಗಳಂತೆ ಏನನ್ನೂ ಮುಚ್ಚಿಡಲಾರದೆ ಇದ್ದವು. ಅವಳು ಎಲ್ಲಿದ್ದಾಳೆಂದು ಸರಿಯಾಗಿ ಕಾಣದೆ, ಅಂದಾಜಿನ ಮೇಲೆ ಅವಳತ್ತ ತಿರುಗಿ ಕೇಳಿದ.

“ಮುಂದಿನ ಭಾನುವಾರವೂ ಬರಲಾ?”

ಅಲೆಯೊಂದು ಬಂದು ಹೋಗುವವರೆಗೆ ಅವಳು ಸುಮ್ಮನಿದ್ದಳು. ಆ ಮೌನವನ್ನು ಅವನು ಉಸಿರು ಹಿಡಿದು ಕೇಳುತ್ತಿದ್ದ. ಇಲ್ಲ ಎಂಬ ಮಾತು ನಾಲಗೆಯ ಮೇಲೆ ಇತ್ತು. ಚಿಕ್ಕದು, ಶುಭ್ರವಾದದ್ದು. ಹೇಳಿದರೆ ಒಂದು ಒಳ್ಳೆಯ ಜೀವಕ್ಕೆ ಒಂದು ಸಂಜೆಯ ನೋವು, ಮತ್ತೆ ಮನೆ.

“ಈ ದಾರೀಲಿ ಒಬ್ಬಳೇ ನಡೆದು ನಡೆದು ಸಾಕಾಗಿದೆ,” ಎಂದಳು.

ಅವನು ಅವಸರದಲ್ಲಿ ಕನ್ನಡಕ ಹಾಕಿಕೊಂಡ, ಅವಳ ಮುಖವನ್ನು ನೋಡಿ ಆ ಮಾತಿನ ಅರ್ಥ ಹುಡುಕಲು. ಅವಳು ಅರ್ಧ ನಕ್ಕು, ತಿರುಗಿ, ದಿಬ್ಬ ಇಳಿಯತೊಡಗಿದಳು.

ಹಿಂದೆ ಮರಳಿನಲ್ಲಿ ಹೊಸ ಬೂಟುಗಳ ಸದ್ದು. ಒಂದು ಹೆಜ್ಜೆ ಭಾರ, ಒಂದು ಹಗುರ, ನೋಯುವ ಹಿಮ್ಮಡಿಯನ್ನು ಮರೆತು ಬೇಗ ಬೇಗ ಬರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನಡಿಗೆಯನ್ನು ಇನ್ನಷ್ಟು ಜೋರು ಮಾಡಿದಳು, ಅವನು ಎಷ್ಟು ದೂರ ಓಡಿ ಬರುತ್ತಾನೆಂದು ನೋಡಲು.